ಟೇಬಲ್ ವೇರಿಯಬಲ್ ರ‍್ಯಾಮ್‌ನಲ್ಲಿರುತ್ತೆ, ಅದಕ್ಕೇ ಫಾಸ್ಟ್: ಈ ಮಾತು ನಿಜವೇ?

"ಟೆಂಪ್ ಟೇಬಲ್ ಡಿಸ್ಕ್‌ಗೆ ಹೋಗುತ್ತೆ, ಟೇಬಲ್ ವೇರಿಯಬಲ್ ಮೆಮೊರಿಯಲ್ಲೇ ಇರುತ್ತೆ, ಅದನ್ನೇ ಬಳಸಿ." ಇಂಟರ್‌ವ್ಯೂಗೆ ತಯಾರಾಗುವವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಟಿಪ್ಸ್ ಇದು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಮಟ್ಟಿಗೆ ಇದು ತಪ್ಪು. ಎರಡೂ ಕೂರುವುದು ಟೆಂಪ್‌ಡಿಬಿ ಎಂಬ ಒಂದೇ ಜಾಗದಲ್ಲಿ.

ನಿಜವಾದ ವ್ಯತ್ಯಾಸ ಅಂದಾಜಿನದು. ಸಿರುಗುಪ್ಪ, ಕುರುಗೋಡು ತಾಲೂಕುಗಳ ರೈತರ ಪಟ್ಟಿಯನ್ನು ತಾತ್ಕಾಲಿಕವಾಗಿ ಒಂದೆಡೆ ಇಟ್ಟು, ಪಹಣಿ ವಿವರಕ್ಕೆ ಜೋಡಿಸಬೇಕು ಎಂದುಕೊಳ್ಳಿ. ಟೆಂಪ್ ಟೇಬಲ್ ಆದರೆ ಒಟ್ಟು ಎಷ್ಟು ಸಾಲು, ಯಾವ ಹೋಬಳಿಯವು ಎಷ್ಟು ಎಂಬ ಅಂಕಿಅಂಶ ಸರ್ವರ್ ಬಳಿ ಇರುತ್ತದೆ. ಟೇಬಲ್ ವೇರಿಯಬಲ್‌ಗೆ ಅದಿಲ್ಲ. 50,000 ಸಾಲು ತುಂಬಿದರೂ ಹಳೆಯ ಆವೃತ್ತಿಗಳು ಸಾಮಾನ್ಯವಾಗಿ 1 ಸಾಲು ಎಂದೇ ಊಹಿಸುತ್ತವೆ. ಒಬ್ಬರಿಗೆ ಅನ್ನ ಮಾಡಿಟ್ಟು ಮದುವೆ ಪಂಕ್ತಿಗೆ ಬಡಿಸಲು ಹೊರಟಂತೆ! ಒಂದೊಂದೇ ಹೆಸರು ಹಿಡಿದು ಪಹಣಿ ಹುಡುಕುವ ದಾರಿಯನ್ನು ಸರ್ವರ್ ಆರಿಸಿಕೊಳ್ಳಬಹುದು. ಹಾಗಾದಾಗ ಬಳ್ಳಾರಿಯ ಕೌಂಟರ್ ಮುಂದೆ ನಿಂತವರಿಗೆ ಕೇಳಿಸುವುದು "ಸರ್ವರ್ ಬ್ಯುಸಿ" ಅಷ್ಟೇ. (ಪ್ರತಿ ಸಲವೂ ಕಾರಣ ಇದೇ ಅಲ್ಲ, ನೆಟ್‌ವರ್ಕ್ ಕೂಡ ಇದೆ.)

2019ರ ಆವೃತ್ತಿ ಮೊದಲ ಸಲ ಓಡುವಾಗ ಸಾಲುಗಳನ್ನು ಎಣಿಸಿ ಯೋಜನೆ ಹಾಕುತ್ತದೆ, ಆದರೆ ಹೋಬಳಿವಾರು ಲೆಕ್ಕ ಅದಕ್ಕೂ ಸಿಗದು.

ಹಾಗಂತ ಟೇಬಲ್ ವೇರಿಯಬಲ್ ದಂಡವಲ್ಲ. 100 ಸಾಲಿನೊಳಗಿನ, ಪದೇಪದೇ ಓಡುವ ಕೆಲಸಕ್ಕೆ ಅದು ಹಗುರ. ರೋಲ್‌ಬ್ಯಾಕ್ ಆದರೂ ಅದರಲ್ಲಿದ್ದ ಸಾಲು ಅಳಿಯುವುದಿಲ್ಲ, ತಪ್ಪು ಎಲ್ಲಾಯಿತು ಎಂದು ಬರೆದಿಡಲು ಅನುಕೂಲ. ಪಟ್ಟಿ ದೊಡ್ಡದಿದ್ದು ಜೋಡಣೆ ಇದ್ದರೆ ಮಾತ್ರ ನನ್ನ ಆಯ್ಕೆ ಟೆಂಪ್ ಟೇಬಲ್.

ಅನುಮಾನವಿದ್ದರೆ ಎಕ್ಸಿಕ್ಯೂಷನ್ ಪ್ಲ್ಯಾನ್ ತೆರೆದು, ಅಂದಾಜು ಸಾಲು ಎಷ್ಟು, ನಿಜವಾಗಿ ಬಂದದ್ದು ಎಷ್ಟು ಎಂದು ನೋಡಿ.