ಪರಿಮಳ, ಸ್ಮೃತಿ ಮತ್ತು ಖಿನ್ನ ಮನಸ್ಸು

ಲ್ಯಾವೆಂಡರ್ ಎಣ್ಣೆಯ ಎರಡು ಹನಿಯನ್ನು ದಿಂಬಿಗೆ ಸವರಿಕೊಂಡರೆ ಮನಸ್ಸಿನ ಕತ್ತಲೆಯೆಲ್ಲ ಕಳೆಯುವುದೆಂದು ಸಾರುವ ಮಾತುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಅವನ್ನು ಪೂರ್ತಿಯಾಗಿ ನಂಬುವವರೂ ಪೂರ್ತಿಯಾಗಿ ತಳ್ಳಿಹಾಕುವವರೂ ಸಮಾನವಾಗಿ ಪರಿಶೀಲಿಸತಕ್ಕ ಒಂದು ಸಂಶೋಧನೆ 2024ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ತೀವ್ರ ಖಿನ್ನತೆಯಿಂದ ಬಳಲುತ್ತಿದ್ದ 32 ಮಂದಿಯ ಕೈಗೆ, ಒಳಗಿರುವುದು ಕಣ್ಣಿಗೆ ಕಾಣದಂಥ ಸೀಸೆಗಳನ್ನು ಕೊಟ್ಟು, ಆಘ್ರಾಣಿಸಿದೊಡನೆ ನೆನಪಿಗೆ ಬಂದ ಪ್ರಸಂಗವನ್ನು ಹೇಳಿರೆಂದು ಕಿಂಬರ್ಲಿ ಯಂಗ್ ಅವರೂ ಅವರ ಸಂಗಡಿಗರೂ ಕೇಳಿದರು. ಒಂದರಲ್ಲಿ ಕಿತ್ತಳೆ, ಒಂದರಲ್ಲಿ ಕಾಫಿಪುಡಿ, ಒಂದರಲ್ಲಿ ವಿಕ್ಸ್, ಮತ್ತೊಂದರಲ್ಲಿ ಬೂಟ್ ಪಾಲಿಶ್. ಬರಿಯ ಪದಗಳನ್ನು ಸುಳಿವಾಗಿ ಕೊಟ್ಟಾಗ ಬಂದುದಕ್ಕಿಂತ ಹೆಚ್ಚು ನಿರ್ದಿಷ್ಟವಾದ, ಹೆಚ್ಚು ಸ್ಫುಟವಾದ ನೆನಪುಗಳನ್ನು ವಾಸನೆ ಎಬ್ಬಿಸಿತು.

ಇದರ ಮಹತ್ತ್ವವನ್ನು ಅರಿಯಬೇಕಾದರೆ ಖಿನ್ನತೆಯು ಸ್ಮೃತಿಗೆ ಮಾಡುವ ಹಾನಿಯನ್ನು ತಿಳಿಯಬೇಕು. ನೀನು ಸಂತೋಷಪಟ್ಟ ಒಂದು ದಿನವನ್ನು ಹೇಳೆಂದರೆ, ಇಂಥ ದಿನ, ಇಂಥ ಊರಿನಲ್ಲಿ, ಇಂಥವರ ಜೊತೆಗೆ ಎನ್ನಲಾರದೆ, 'ಚಿಕ್ಕಂದಿನಲ್ಲಿ ಚೆನ್ನಾಗಿತ್ತು' ಎಂಬಷ್ಟಕ್ಕೇ ಮಾತು ನಿಂತುಹೋಗುವುದು ಈ ರೋಗದ ಲಕ್ಷಣಗಳಲ್ಲೊಂದು. ಇಲ್ಲಿ ವಾಸನೆ ನೆರವಾಗುವ ಬಗೆ ಬೇರೆ: ಉಳಿದ ಇಂದ್ರಿಯಗಳ ಸಂದೇಶ ಮೆದುಳಿನ ಥಲಾಮಸನ್ನು ಹಾದು ಹೋಗುವುದಾದರೆ, ಘ್ರಾಣದ ಸಂದೇಶವು ಆ ನಿಲುಗಡೆಯಿಲ್ಲದೆಯೇ ಭಾವಕ್ಕೂ ಸ್ಮೃತಿಗೂ ಸಂಬಂಧಿಸಿದ ಭಾಗಗಳನ್ನು ಮುಟ್ಟುತ್ತದೆ. ಮಾತಿಗೆ ತೆರೆಯದ ನೆನಪು ವಾಸನೆಗೆ ತೆರೆಯುವುದು ಇದರಿಂದಲೇ ಇದ್ದೀತು.

ಬೂಟ್ ಪಾಲಿಶ್ ಸುಗಂಧವಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಲ್ಲಿ ಕೆಲಸಮಾಡುವುದು ದ್ರವ್ಯದ ಕಂಪಲ್ಲ, ಅದರೊಡನೆ ಬೆಸೆದುಕೊಂಡಿರುವ ಆಘ್ರಾಣಿಸಿದ ವ್ಯಕ್ತಿಯ ಬಾಳು. ಮಂಡ್ಯದ ರೈತನ ಮಗಳಿಗೆ ಆಲೆಮನೆಯ ಕುದಿಯುವ ಕಬ್ಬಿನ ಹಾಲು, ಕರಾವಳಿಯ ಮೊಗವೀರನಿಗೆ ಅಂಗಳದಲ್ಲಿ ಹರವಿದ ಒಣಮೀನು ಮಾಡಬಲ್ಲ ಕಾರ್ಯವನ್ನು ಎಲ್ಲರಿಗೂ ಒಂದೇ ಎಂದು ಮಾರುವ ಸೀಸೆಯ ಎಣ್ಣೆ ಮಾಡಲಾರದು. ಆದುದರಿಂದ ಈ ಉಪಾಯಕ್ಕೆ ಯೋಗ್ಯ ಸ್ಥಳ ಅಂಗಡಿಯಲ್ಲ, ರೋಗಿಯ ಪೂರ್ವವೃತ್ತಾಂತವನ್ನು ಬಲ್ಲ ಆಪ್ತಸಮಾಲೋಚಕರ ಕೊಠಡಿ. ಏಕೆಂದರೆ ವಾಸನೆಯು ಸುಖದ ದಿನವನ್ನು ತರುವಂತೆಯೇ ಸಾವಿನ ಮನೆಯನ್ನೂ ತಂದೀತು, ಆಗ ಪಕ್ಕದಲ್ಲೊಬ್ಬರು ಇರಲೇಬೇಕು.

ಮೇಲಿನ ಪ್ರಯೋಗವು ಅಳೆದದ್ದು ನೆನಪನ್ನೇ ಹೊರತು ರೋಗದ ಶಮನವನ್ನಲ್ಲ. 32 ಮಂದಿ ಎಂಬುದೂ ಅಲ್ಪ ಸಂಖ್ಯೆಯೇ. ಇಷ್ಟನ್ನೇ ನೆಚ್ಚಿ ವೈದ್ಯರು ಬರೆದ ಗುಳಿಗೆಯನ್ನು ಬಿಡುವುದು ಅಪಾಯಕರ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರು ಬಾಳಿನ ಒಂದಲ್ಲ ಒಂದು ಕಾಲದಲ್ಲಿ ಖಿನ್ನತೆಗೆ ತುತ್ತಾಗುವವರು, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಕಾಣದವರು. ಮನೆಯಲ್ಲಿ ಅಂಥವರಿದ್ದರೆ ಪರಿಮಳದ ಸೀಸೆಗಿಂತ ಮೊದಲು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆಮಾಡಿರಿ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುವವರು ಅಲ್ಲಿದ್ದಾರೆ.