ಜನರ ತಲೆಗೆ ಕಟ್ಟಿದ ಪಾಪ

ಹಳೆಯ ವೈಜ್ಞಾನಿಕ ಕಥಾಚಿತ್ರಗಳನ್ನು ‘ಭವಿಷ್ಯವಾಣಿ’ ಎಂದು ಹೊಗಳುವುದು ಈಚೆಗೆ ಒಂದು ಚಾಳಿಯಾಗಿಬಿಟ್ಟಿದೆ. ಚಿತ್ರದಲ್ಲಿ ಯಾವ ಇಸವಿಯನ್ನು ಹೇಳಿದೆಯೋ ಆ ಇಸವಿ ಬಂದ ಕೂಡಲೆ ವಿಮರ್ಶಕ ಮಹಾಶಯರು ಪಂಚಾಂಗ ಬಿಡಿಸಿಕೊಂಡು ಕೂರುತ್ತಾರೆ: ಇಷ್ಟು ನಿಜವಾಯಿತು, ಇಷ್ಟು ಸುಳ್ಳಾಯಿತು. 1973ರಲ್ಲಿ ತೆರೆಕಂಡ ‘ಸಾಯ್ಲೆಂಟ್ ಗ್ರೀನ್’ ಎಂಬ ಅಮೆರಿಕದ ಚಿತ್ರಕ್ಕೆ ಈ ಮರ್ಯಾದೆ ಸಂದದ್ದು 2022ರಲ್ಲಿ. ಏಕೆಂದರೆ ಅದರ ಕಥೆ ನಡೆಯುವುದು 2022ರ ನ್ಯೂಯಾರ್ಕಿನಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ನವೆಂಬರ್ 15ರಂದು, ಲೋಕದ ಜನಸಂಖ್ಯೆ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಸಾರಿತು. ಇನ್ನೇನು ಬೇಕು! ‘ನೋಡಿದಿರಾ, ಆಗಲೇ ಹೇಳಿದ್ದರು’ ಎಂದು ತಲೆದೂಗಿದವರು ಎಷ್ಟೋ ಮಂದಿ.

ಈ ಹೊಗಳಿಕೆಯನ್ನು ನಾನು ಒಪ್ಪುವವನಲ್ಲ. ಚಿತ್ರ ಕಳಪೆಯೆಂಬುದು ನನ್ನ ದೂರಲ್ಲ. ಈಚೆಗೆ ಮನೆಯಲ್ಲಿ ಅದರ ಡಿವಿಡಿ ಹಾಕಿಕೊಂಡು, ಬೇಕೆಂದ ಕಡೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಎರಡು ಸಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಈ ಚಿತ್ರದ ಕಣ್ಣು ಕಂಡದ್ದೊಂದು, ಬಾಯಿ ಆಡಿದ್ದೊಂದು. ಹೊಗಳುವವರು ಬಾಯಿಯ ಮಾತನ್ನೇ ಹಿಡಿದುಕೊಂಡಿದ್ದಾರೆ. ಆ ಮಾತೋ, ನಮ್ಮ ದೇಶದ ಬಡವರಿಗೆ ಬಹಳ ದುಬಾರಿಯಾಗಿ ಬಿದ್ದ ಮಾತು.

ಕಥೆ ತಿಳಿಯದವರಿಗಾಗಿ ಸ್ವಲ್ಪ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ 4 ಕೋಟಿ ಜನ ತುಂಬಿದ್ದಾರೆ. ಸೆಕೆ ತಗ್ಗುವುದೇ ಇಲ್ಲ, ಕೆಲಸವಿಲ್ಲ, ಮೆಟ್ಟಿಲುಗಳ ಮೇಲೆಲ್ಲ ಜನ ಮಲಗಿರುತ್ತಾರೆ. ಪತ್ತೇದಾರ ಥಾರ್ನ್ (ನಟ ಚಾರ್ಲ್‌ಟನ್ ಹೆಸ್ಟನ್) ಅವರನ್ನು ದಾಟಿಕೊಂಡೇ ಓಡಾಡಬೇಕು. ಊಟವೆಂದರೆ ಸಾಯ್ಲೆಂಟ್ ಕಂಪನಿಯ ಬಿಲ್ಲೆಗಳು. ಅದರಲ್ಲಿ ಹಸಿರು ಬಿಲ್ಲೆ ಮಂಗಳವಾರ ಮಾತ್ರ. ಕಂಪನಿಯ ದೊಡ್ಡ ಮನುಷ್ಯನೊಬ್ಬನ ಕೊಲೆಯಾಗುತ್ತದೆ. ಅದರ ಜಾಡು ಹಿಡಿದು ಹೋದ ಥಾರ್ನನಿಗೆ ಆ ಹಸಿರು ಬಿಲ್ಲೆ ಸತ್ತ ಮನುಷ್ಯರಿಂದ ತಯಾರಾದದ್ದೆಂದು ತಿಳಿಯುತ್ತದೆ. ಗುಟ್ಟು ಬಯಲುಮಾಡಿದೆನೆಂದು ಯಾರೂ ಕೋಪಿಸಿಕೊಳ್ಳಬೇಕಾಗಿಲ್ಲ; ಚಿತ್ರ ನೋಡದವರಿಗೂ ಈಗ ಅದು ಗೊತ್ತು.

ಆ ಗುಟ್ಟಿನ ಅಬ್ಬರದಲ್ಲಿ ಒಂದು ಸಣ್ಣ ವಸ್ತು ಎಲ್ಲರಿಗೂ ಮರೆತುಹೋಗಿದೆ. ಸತ್ತವನ ಕಾವಲುಗಾರನ ಮನೆಗೆ ಥಾರ್ನ್ ವಿಚಾರಣೆಗೆ ಹೋಗುತ್ತಾನೆ. ಅಲ್ಲಿನ ಹೆಂಗಸು ತಿನ್ನುತ್ತಿದ್ದ ಒಂದು ಚಮಚವನ್ನು ಮೆಲ್ಲಗೆ ಎತ್ತಿಕೊಂಡು ಬಂದು, ಜೊತೆಯಲ್ಲಿರುವ ಮುದುಕ ಸಾಲ್‌ಗೆ ಕೊಡುತ್ತಾನೆ. ಮುದುಕ ನೆಕ್ಕಿ ನೋಡಿ ಗುರುತಿಸುತ್ತಾನೆ: ಸ್ಟ್ರಾಬೆರಿ ಜಾಮು. ಸೀಸೆಯೊಂದಕ್ಕೆ 150 ಡಾಲರು! ಸಂಬಳದ ಕಾವಲುಗಾರನಿಗೆ ಇದನ್ನು ಕೊಳ್ಳುವ ಶಕ್ತಿ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದಲೇ ಕೊಲೆಯ ಗಂಟು ಸಡಿಲವಾಗುತ್ತದೆ. ನಾನು ಚಿತ್ರವನ್ನು ನಿಲ್ಲಿಸಿ ಯೋಚಿಸಿದ್ದು ಇಲ್ಲಿ. ಜಾಮು ಇದೆ ಎಂದಮೇಲೆ ಹಣ್ಣು ಇದೆ; ಹಣ್ಣು ಇದೆ ಎಂದಮೇಲೆ ಅದು ಬೆಳೆಯುವ ನೆಲವೂ ಇದೆ, ನೀರೂ ಇದೆ. ಹೊಲಗಳಿಗೆ ಕೋಟೆಯಂತೆ ಕಾವಲು ಹಾಕಿದ್ದಾರೆಂಬ ಮಾತೂ ಚಿತ್ರದಲ್ಲಿ ಒಮ್ಮೆ ಸುಳಿದುಹೋಗುತ್ತದೆ. ಸತ್ತ ಧಣಿಯ ಬಚ್ಚಲಿನಲ್ಲಿ ಬಿಸಿನೀರು ಧಾರಾಳವಾಗಿ ಬರುತ್ತದೆ. ಥಾರ್ನ್ ಅಲ್ಲಿ ಮುಖ ತೊಳೆಯುವಾಗ ದೇವಸ್ಥಾನಕ್ಕೆ ಬಂದವನಂತಿರುತ್ತಾನೆ. ಆ ಮನೆಯ ಜೊತೆಗೆ ಬಾಡಿಗೆಗೆ ಸಿಗುವ ಹುಡುಗಿಯನ್ನು ‘ಫರ್ನಿಚರ್’ ಎಂದೇ ಕರೆಯುತ್ತಾರೆ. ಹಾಗಾದರೆ ಬೀದಿಯ ಹಸಿವಿಗೆ ಕಾರಣ ತಲೆಗಳ ಲೆಕ್ಕವೋ, ಈ ಬೀಗ ಕಾವಲುಗಳೋ? ಚಿತ್ರದ ಕಣ್ಣು ಉತ್ತರವನ್ನು ಸ್ಪಷ್ಟವಾಗಿ ಕಂಡಿದೆ.

ಆದರೆ ಬಾಯಿ ಹೇಳುವುದೇ ಬೇರೆ. ಮೊದಲನೆಯ ದೃಶ್ಯದಲ್ಲೇ ತೀರ್ಪು ಬರೆದಾಗಿದೆ. ಹಳೆಯ ಕಾಲದ ಶಾಂತವಾದ ಛಾಯಾಚಿತ್ರಗಳಿಂದ ಹೊರಟು, ಚಿತ್ರದ ಮೇಲೆ ಚಿತ್ರ ಬಂದು, ಕಾರು, ಹೊಗೆ, ಗುಂಪು, ಮತ್ತೆ ಗುಂಪು. ಜನ ಹೆಚ್ಚಿದ್ದರಿಂದಲೇ ಎಲ್ಲ ಕೆಟ್ಟಿತೆಂದು ಒಂದು ಮಾತೂ ಆಡದೆ ಹೇಳಿಬಿಡುತ್ತಾರೆ. ಆಮೇಲೆ ಬಿಲ್ಲೆ ಸಾಲದೆ ಜನ ದಂಗೆಯೆದ್ದಾಗ, ಈಗ ನಾವು ಜೆಸಿಬಿ ಎನ್ನುವ ಯಂತ್ರದ ಬಾಯಂಥದು ಕಟ್ಟಿದ ಲಾರಿಗಳು ಬಂದು ಜನರನ್ನು ಕಸದಂತೆ ಮೊಗೆದು ತುಂಬಿಕೊಳ್ಳುತ್ತವೆ. ಚಿತ್ರದ ಭಿತ್ತಿಪತ್ರದ ಮೇಲೂ ಇದೇ ದೃಶ್ಯ. ನಿರ್ದೇಶಕ ರಿಚರ್ಡ್ ಫ್ಲೈಷರ್ ಇದನ್ನು ಕ್ರೌರ್ಯವೆಂದೇ ತೋರಿಸಿದ್ದಾರೆ, ನಿಜ. ಆದರೆ ಮೊಗೆಸಿಕೊಳ್ಳುವವರಲ್ಲಿ ಒಬ್ಬರಿಗಾದರೂ ಹೆಸರಿದೆಯೇ? ಮನೆಯೊಳಗಿರುವವರಿಗೆ ಮುಖವಿದೆ, ಬೀದಿಯಲ್ಲಿರುವವರು ಬರೀ ಸಂಖ್ಯೆ.

ಇದು ಫ್ಲೈಷರ್ ಒಬ್ಬರ ದೋಷವಲ್ಲ, ಆ ಕಾಲದ ಗಾಳಿಯೇ ಹಾಗಿತ್ತು. 1968ರಲ್ಲಿ ಪಾಲ್ ಎರ್ಲಿಕ್ ಎಂಬ ಅಮೆರಿಕದ ಜೀವವಿಜ್ಞಾನಿ ‘ಪಾಪ್ಯುಲೇಷನ್ ಬಾಂಬ್’ ಎಂಬ ಪುಸ್ತಕ ಬರೆದರು. ಎಪ್ಪತ್ತರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿದು ಸಾಯುತ್ತಾರೆಂದು ಅದರಲ್ಲಿ ಖಂಡಿತವಾಗಿ ಹೇಳಿದ್ದರು. ಜನಸ್ಫೋಟವೆಂದರೇನೆಂದು ತಮಗೆ ಮನಮುಟ್ಟಿದ್ದು ದೆಹಲಿಯಲ್ಲಿ, ಒಂದು ಸೆಕೆಯ ರಾತ್ರಿ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದಾಗ ಎಂದು ಅವರು ಪುಸ್ತಕದ ಆರಂಭದಲ್ಲೇ ಬರೆದುಕೊಂಡಿದ್ದಾರೆ. ಒಳ್ಳೆಯದು. ಆದರೆ 1961ರ ಜನಗಣತಿಯಲ್ಲಿ ದೆಹಲಿಯ ಜನ ಸುಮಾರು 26 ಲಕ್ಷ. ಅದಕ್ಕೆ ಒಂದು ವರ್ಷ ಮುಂಚೆ ನ್ಯೂಯಾರ್ಕ್ ನಗರದಲ್ಲಿದ್ದವರು 77 ಲಕ್ಷಕ್ಕೂ ಮೇಲೆ! ಮೂರು ಪಾಲಿನಷ್ಟು ಜನರಿದ್ದ ಊರಿನಲ್ಲಿ ಬರದ ಭಯ ದೆಹಲಿಯಲ್ಲಿ ಬಂತೆಂದರೆ, ಅವರನ್ನು ಹೆದರಿಸಿದ್ದು ಜನರ ಎಣಿಕೆಯಲ್ಲ, ಅವರ ಬಡತನ.

ಈ ಭಯ ಪುಸ್ತಕದಲ್ಲೂ ಪರದೆಯ ಮೇಲೂ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಚಿತ್ರ ಬಂದ ಎರಡೇ ವರ್ಷಕ್ಕೆ ನಮ್ಮಲ್ಲಿ ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಇಷ್ಟು ತಲೆ ತರಬೇಕೆಂದು ಶಾಲಾ ಮೇಷ್ಟ್ರುಗಳಿಗೂ ಗುರಿ ಕಟ್ಟಿ, ಸಂಬಳ ತಡೆದರು. 1976ರ ಏಪ್ರಿಲಿನಲ್ಲಿ ದೆಹಲಿಯ ತುರ್ಕ್‌ಮಾನ್ ಗೇಟಿನ ಮನೆಗಳ ಮೇಲೆ ಬುಲ್‌ಡೋಜರ್ ಹರಿಯಿತು, ಗುಂಡು ಹಾರಿತು. ಹಾಲಿವುಡ್ಡಿನ ಚಿತ್ರ ನೋಡಿ ಇದನ್ನೆಲ್ಲ ಮಾಡಿದರೆಂದು ನಾನು ಹೇಳುತ್ತಿಲ್ಲ, ಅಷ್ಟು ಬುದ್ಧಿಹೀನನಲ್ಲ. ಆದರೆ ಬಡವನ ಮನೆಯ ಮಗು ಲೋಕಕ್ಕೆ ಕಂಟಕ ಎಂಬ ನಂಬಿಕೆ ಎರಡು ಕಡೆಯೂ ಒಂದೇ. 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ ಅಮರ್ತ್ಯ ಸೇನರು 1981ರಲ್ಲಿ ಬರೆದದ್ದನ್ನು ಓದಿದವರಿಗೆ ತಿಳಿದಿದೆ: ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ಸ್ಟ್ರಾಬೆರಿ ಜಾಮಿನ ಕಥೆಯೂ ಬೇರೆಯಲ್ಲ.

‘ಹಾಗಾದರೆ ನೀವು ಕುಟುಂಬ ಯೋಜನೆಯ ವಿರೋಧಿಗಳೋ?’ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದ ಮೈಸೂರು ಸಂಸ್ಥಾನದ ನಾಡಿನವರು ನಾವು. ಅದು ಕೇಳಿ ಬಂದವರಿಗೆ ಕೊಟ್ಟ ಸಹಾಯ, ಲಾರಿಯಲ್ಲಿ ತುಂಬಿದ್ದಲ್ಲ. ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆಣ್ಣುಮಕ್ಕಳು ಓದಿದರು, ಹುಟ್ಟಿದ ಮಕ್ಕಳು ಬದುಕಿ ಉಳಿದರು, ಹೆರಿಗೆ ಕಡಮೆಯಾಯಿತು. ಚಿತ್ರದ ನ್ಯೂಯಾರ್ಕಿನಲ್ಲಿ ಇಂಥದೊಂದು ನಡೆಯಬಹುದೆಂಬ ಕಲ್ಪನೆಗೇ ಜಾಗವಿಲ್ಲ. 2020ರ ಗಣತಿಯಲ್ಲಿ ನಿಜವಾದ ನ್ಯೂಯಾರ್ಕಿನಲ್ಲಿ ಸಿಕ್ಕವರು 88 ಲಕ್ಷ ಜನ, 4 ಕೋಟಿಯಲ್ಲ.

ಮೂಲ ಕಾದಂಬರಿಯಲ್ಲಾದರೂ ಸ್ವಲ್ಪ ಬೇರೆ ದಾರಿ ಇತ್ತು. ಹ್ಯಾರಿ ಹ್ಯಾರಿಸನ್ನರ ‘ಮೇಕ್ ರೂಮ್! ಮೇಕ್ ರೂಮ್!’ 1966ರದು. ಅವರದೂ ಜನಸಂಖ್ಯೆಯ ಭಯವೇ. ಆದರೆ ಅಲ್ಲಿ ಮನುಷ್ಯಮಾಂಸದ ಸುದ್ದಿಯೇ ಇಲ್ಲ, ಸಾಯ್ಲೆಂಟ್ ಎಂದರೆ ಸೋಯಾ ಮತ್ತು ಬೇಳೆ. ಅಲ್ಲಿನ ಸಾಲ್ ಸಂತಾನ ನಿಯಂತ್ರಣದ ಮಸೂದೆಯ ಪರವಾಗಿ ಪ್ರತಿಭಟನೆಗೆ ಹೋಗಿ, ಪೆಟ್ಟುತಿಂದು ಹಾಸಿಗೆ ಹಿಡಿದು, ನ್ಯುಮೋನಿಯಾದಿಂದ ಸಾಯುತ್ತಾನೆ. ಮುದುಕನೊಬ್ಬ ನಂಬಿದ್ದಕ್ಕಾಗಿ ಬೀದಿಗಿಳಿದದ್ದು ಅದು. ಚಿತ್ರದಲ್ಲಿ ಅವನು ಸರ್ಕಾರ ನಡೆಸುವ ಸಾವಿನ ಮನೆಗೆ ತಾನಾಗಿ ಹೋಗಿ, ಬೀಥೋವನ್ನನ ಸಂಗೀತ ಕೇಳುತ್ತ, ದೊಡ್ಡ ಪರದೆಯ ಮೇಲೆ ಹೂವು ಹೊಳೆ ನೋಡುತ್ತ ಮಲಗುತ್ತಾನೆ.

ಈ ದೃಶ್ಯದಲ್ಲಿ ಎಡ್ವರ್ಡ್ ಜಿ. ರಾಬಿನ್ಸನ್ನರ ಅಭಿನಯದ ಬಗ್ಗೆ ನನ್ನ ತಕರಾರೇನೂ ಇಲ್ಲ, ಕಲ್ಲೂ ಕರಗಬೇಕು. ಅವರ ಕೊನೆಯ ಚಿತ್ರ ಇದು. ಅದು ತೆರೆಕಾಣುವ ಮೊದಲೇ, 1973ರ ಜನವರಿ 26ರಂದು ಅವರು ತೀರಿಕೊಂಡರು. ಧಣಿಯ ಮನೆಯಿಂದ ಥಾರ್ನ್ ಕದ್ದು ತಂದ ಮಾಂಸದ ತುಂಡನ್ನು ಕಂಡು ಸಾಲ್ ಅಳುವುದು, ಆಮೇಲೆ ಇಬ್ಬರೂ ಎದುರುಬದುರು ಕೂತು ಸೊಪ್ಪನ್ನೂ ಸೇಬನ್ನೂ ಸವಿಯುವುದು — ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಅದು. ಭವಿಷ್ಯವಾಣಿ ಹುಡುಕುವವರು ಅದರ ಮುಂದೆ ನಿಲ್ಲುವುದೇ ಇಲ್ಲ.

ಕಥೆ ಮುಗಿದು ಹೆಸರುಗಳ ಪಟ್ಟಿ ಬರುವಾಗ ಸಾಲ್ ಸಾಯುತ್ತ ನೋಡಿದ ಚಿತ್ರಗಳನ್ನೇ ಮತ್ತೆ ತೋರಿಸುತ್ತಾರೆ. ನಾನು ಅದನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹೂವಿದೆ, ಜಿಂಕೆಯಿದೆ, ಹರಿಯುವ ನೀರಿದೆ. ಮನುಷ್ಯ ಮಾತ್ರ ನನ್ನ ಕಣ್ಣಿಗೆ ಒಬ್ಬನೂ ಬೀಳಲಿಲ್ಲ.