ಬೆಳ್ಳಿತೆರೆಯ ಗಂಡುಗಲಿಗಳು

ಶ್ರೀರಂಗಪಟ್ಟಣಕ್ಕೆ ರಂಗನಾಥನ ದರ್ಶನಕ್ಕೆಂದು ಹೋದವರಲ್ಲಿ ಅನೇಕರು ಕೋಟೆಯೊಳಗಿನ ನರಸಿಂಹಸ್ವಾಮಿಯ ಗುಡಿಯತ್ತ ಹೊರಳುವುದಿಲ್ಲ. ಆ ಗುಡಿಯನ್ನು ಕಟ್ಟಿಸಿದವನು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯ. ಅವನದೇ ಶಿಲಾವಿಗ್ರಹವೊಂದು ಅಲ್ಲುಂಟು. ಎತ್ತರ ಸುಮಾರು ಮೂರೂವರೆ ಅಡಿ. ಮೈಮೇಲೆ ನಿಲುವಂಗಿ, ಸೊಂಟದಲ್ಲಿ ಆಯುಧ. ಆದರೆ ಕೈಗಳೆರಡೂ ಮುಗಿದಿವೆ. 1639ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯವನ್ನು ಇದೇ ಕೋಟೆಯಿಂದ ಹಿಮ್ಮೆಟ್ಟಿಸಿದ ದೊರೆ ಭಕ್ತನಾಗಿ ನಿಂತಿದ್ದಾನೆ.

ಕನ್ನಡಿಗರ ಮನದಲ್ಲಿ ನೆಲೆಸಿರುವ ಕಂಠೀರವ ಇವನಲ್ಲ. ಅವನು 1960ರಲ್ಲಿ ತೆರೆಕಂಡ ‘ರಣಧೀರ ಕಂಠೀರವ’ದ ರಾಜಕುಮಾರ್. ಆ ಹೆಸರು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಹಿರಿದ ಕತ್ತಿ, ತಿರುಚಿನಾಪಳ್ಳಿಯ ಜಟ್ಟಿಯನ್ನು ಮಣಿಸಿದ ತೋಳು. ಮುಗಿದ ಕೈಗಳ ನೆನಪು ಯಾರಿಗೂ ಬರುವುದಿಲ್ಲ.

ಆ ಕಾಲವನ್ನು ನೆನೆದರೆ ಇದು ಆಶ್ಚರ್ಯವೇನಲ್ಲ. ಹರಿದು ಹಂಚಿದ್ದ ಕನ್ನಡನಾಡು ಒಂದಾಗಿ ನಾಲ್ಕೇ ವರ್ಷವಾಗಿತ್ತು. ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ದೊರೆಯಲು ಇನ್ನೂ ಹದಿಮೂರು ವರ್ಷ ಕಾಯಬೇಕಾಗಿತ್ತು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ನಂಬಿ ಬದುಕುತ್ತಿದ್ದವು. ನಮ್ಮ ಊರಿನ ಚಿತ್ರಮಂದಿರಗಳಲ್ಲೇ ಪರಭಾಷೆಯ ಚಿತ್ರಗಳ ಪ್ರಾಬಲ್ಯ. ಅಂಥ ಹೊತ್ತಿನಲ್ಲಿ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಮೊದಲಾದ ಕಲಾವಿದರು ಸಂಘ ಕಟ್ಟಿಕೊಂಡು ತಾವೇ ತಯಾರಿಸಿದ ಚಿತ್ರ ಇದು. ತನ್ನದೊಂದು ಮುಖಕ್ಕಾಗಿ ಹುಡುಕುತ್ತಿದ್ದ ನಾಡಿಗೆ ಅವರು ಒಬ್ಬ ದೊರೆಯ ಮುಖವನ್ನು ಕೊಟ್ಟರು. ಮುಂದೆ ‘ಇಮ್ಮಡಿ ಪುಲಿಕೇಶಿ’, ‘ಶ್ರೀ ಕೃಷ್ಣದೇವರಾಯ’, ‘ಮಯೂರ’ ಎಲ್ಲಕ್ಕೂ ಅದೇ ಮುಖವಾಯಿತು. ಕನ್ನಡತನದ ಪ್ರತೀಕವಾದ ಆ ನಟನ ಗಾಜನೂರು ಮಾತ್ರ ಗಡಿಯಾಚೆ, ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯಲ್ಲಿ ಉಳಿಯಿತು!

ಇಷ್ಟಕ್ಕೇ ನಿಂತಿದ್ದರೆ ಪೌರುಷವೆಂದರೆ ಕತ್ತಿಯೆಂದೇ ಮುಗಿಯುತ್ತಿತ್ತು. ಆದರೆ 1972ರಲ್ಲಿ ‘ಬಂಗಾರದ ಮನುಷ್ಯ’ ಬಂದಿತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ತೆರೆಗೆ ತಂದರು. ಅದರ ನಾಯಕ ರಾಜೀವ ದೊರೆಯಲ್ಲ. ಅಕ್ಕನ ಸಂಸಾರದ ಹೊರೆ ಹೊತ್ತು, ಕಲ್ಲುನೆಲವನ್ನು ಹೊಲ ಮಾಡಿದವನು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಗದ್ದೆಯವರಿಗೆ ಅದೊಂದು ಕಥೆಯಾಗಿದ್ದೀತು. ಮುಗಿಲು ನೋಡಿ ರಾಗಿ ಬಿತ್ತುವ ನಾಗಮಂಗಲದ ಒಣಹೊಲದವನಿಗೆ ಬಂಡೆ ಒಡೆಯುವ ಆ ದೃಶ್ಯ ಹೇಗೆ ಕಂಡಿರಬೇಕು! ಕೃಷ್ಣರಾಜಪೇಟೆಯ ಹಳ್ಳಿಗಳಿಂದ ಪೇಟೆಗೆ ಕೆಲಸಕ್ಕೆಂದು ಹೋದ ಮಗನಿಗೆ ಎಷ್ಟು ಜನ ತಂದೆಯರು ಅದನ್ನು ತೋರಿಸಬೇಕೆಂದುಕೊಂಡರೋ!

ಆ ಚಿತ್ರದ ಕೊನೆಯನ್ನು ಗಮನಿಸಬೇಕು. ಸಾಕಿ ಬೆಳೆಸಿದ ಅಕ್ಕನ ಮಗನೇ ಅಪವಾದ ಹೊರಿಸುತ್ತಾನೆ. ರಾಜೀವ ಕೈ ಎತ್ತುವುದಿಲ್ಲ, ಲೆಕ್ಕ ಒಪ್ಪಿಸುವುದಿಲ್ಲ, ಮರುಮಾತಿಲ್ಲದೆ ಮನೆ ಬಿಟ್ಟು ಹೊರಡುತ್ತಾನೆ. ಕಂಠೀರವನನ್ನು ಕಂಡು ಸಿಳ್ಳೆ ಹಾಕಿದ ಜನರೇ ಇವನನ್ನು ಕಂಡು ಕಣ್ಣೊರೆಸಿಕೊಂಡರು. ಇಷ್ಟು ಜನಪ್ರಿಯವಾದ ಗಂಡಸು ಸೋತವನಂತೆ ಎದ್ದುಹೋಗುವ ಮುಕ್ತಾಯವನ್ನು ಇಂದಿನ ನಿರ್ಮಾಪಕರು ಒಪ್ಪುವರೆ? ಸಂದೇಹ.

ಅದೇ ವರ್ಷ ಪುಟ್ಟಣ್ಣನವರ ‘ನಾಗರಹಾವು’ ಚಿತ್ರದಲ್ಲಿ ಜಲೀಲನೆಂಬ ಪುಂಡನ ಪಾತ್ರಕ್ಕೆ ಹೊಸ ಹುಡುಗನೊಬ್ಬ ಬಂದ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವನು, ಪಿಟೀಲು ಚೌಡಯ್ಯನವರ ಮೊಮ್ಮಗ. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಾಡುವ ಪಾತ್ರದಿಂದ ಆರಂಭಿಸಿದ ಅಂಬರೀಷ್ ಮುಂದೆ ನಾಯಕರಾದರು. 1994ರಲ್ಲಿ ‘ಮಂಡ್ಯದ ಗಂಡು’ ಎಂಬ ಚಿತ್ರವೇ ಬಂದು, ಅದು ಅವರಿಗೆ ಬಿರುದಾಗಿ ನಿಂತಿತು. ಈ ಸೀಮೆಗೆ ಬಿರುದು ಹೊಸದಲ್ಲ. ಮೈಸೂರೊಡೆಯರು ‘ಬಿರುದೆಂತೆಂಬರ ಗಂಡ’ ಎನಿಸಿಕೊಂಡಿದ್ದರಷ್ಟೆ! ಆದರೆ ಅರಸರ ಬಿರುದು ಅರಮನೆಯಲ್ಲಿ ಉಳಿಯುತ್ತಿತ್ತು. ಈ ಬಿರುದು ಜಿಲ್ಲೆಯ ಪ್ರತಿಯೊಬ್ಬ ಹುಡುಗನ ಪಾಲಿಗೂ ಬಂದಿತು. ಒರಟುಮಾತು, ಧಾರಾಳ ಕೈ, ಯಾರಿಗೂ ಬಗ್ಗದ ಕತ್ತು: ಇದೇ ಮಂಡ್ಯದವನ ಲಕ್ಷಣವೆಂದು ಹೊರಗಿನವರು ನಂಬಿದರು, ಒಳಗಿನವರೂ ನಂಬಿದರು. ಮೆಲ್ಲಗೆ ಮಾತನಾಡುವ, ಪುಸ್ತಕ ಹಿಡಿದು ಮೂಲೆಯಲ್ಲಿ ಕೂರುವ ಹುಡುಗನಿಗೆ “ನೀನೆಂಥ ಮಂಡ್ಯದವನೋ?” ಎಂಬ ಹಾಸ್ಯ ಮನೆಯಲ್ಲೇ ಕಾದಿರುತ್ತದೆ. ತಾಯಂದಿರೂ ನಗುತ್ತಾರೆ. ಹುಡುಗ ನಗುವನೋ ಇಲ್ಲವೋ ನೋಡುವವರಿಲ್ಲ.

ಅಂಬರೀಷ್ ಮೂರು ಸಲ ಮಂಡ್ಯದಿಂದ ಲೋಕಸಭೆಗೆ ಆರಿಸಿಬಂದರು. 2007ರ ಕಾವೇರಿ ತೀರ್ಪನ್ನು ಪ್ರತಿಭಟಿಸಿ ಕೇಂದ್ರದ ರಾಜ್ಯಸಚಿವ ಪದವಿಗೆ ರಾಜೀನಾಮೆ ಸಲ್ಲಿಸಿದಾಗ, ಜನ ಅದರಲ್ಲಿ ಕಂಡದ್ದು ತೆರೆಯ ಮೇಲಿನ ಗಂಡನ್ನೇ. ಪಾತ್ರ ಯಾವುದು, ಮನುಷ್ಯ ಯಾರು ಎಂದು ಬಿಡಿಸಿ ಹೇಳುವುದು ಆ ವೇಳೆಗೆ ಯಾರಿಂದಲೂ ಸಾಧ್ಯವಿರಲಿಲ್ಲ; ಪ್ರಾಯಶಃ ಅವರಿಂದಲೂ.

2018ರ ನವೆಂಬರ್ 24ರಂದು ಅವರು ತೀರಿಕೊಂಡರು. ದೇಹವನ್ನು ಮಂಡ್ಯದ ಕ್ರೀಡಾಂಗಣಕ್ಕೆ ತಂದಾಗ ಹಳ್ಳಿಹಳ್ಳಿಗಳ ಗಂಡಸರು ಜನಜಂಗುಳಿಯ ನಡುವೆ ಬಾಯಿಬಿಟ್ಟು ಅತ್ತರು. ಹೊರಡುವ ಮುನ್ನ ಪತ್ನಿ ಸುಮಲತಾ ಮಂಡ್ಯದ ಮಣ್ಣನ್ನು ಪತಿಯ ಹಣೆಗೆ ಹಚ್ಚಿದರು. ಅಂತ್ಯಸಂಸ್ಕಾರ ನಡೆದದ್ದು ಬೆಂಗಳೂರಿನಲ್ಲಿ, 2006ರಲ್ಲಿ ರಾಜಕುಮಾರರನ್ನು ಮಣ್ಣುಮಾಡಿದ್ದ ಆವರಣದಲ್ಲೇ. ಅದರ ಹೆಸರು ಕಂಠೀರವ ಸ್ಟುಡಿಯೋ.